ಮುತ್ತಿನ ಹಣದಲ್ಲಿ ಎದ್ದ ಶಾಲೆಗಳು: ಮುಹಮ್ಮದ್ ಅಲಿ ಝೈನಲ್

ಸಂಘದ ಸ್ಥಾಪನಾ ದಿನದ ಸ್ಮರಣ ಸಂಚಿಕೆಗೆ ಲೇಖನ ಕೊಡಿ ಎಂದು ಸಂಪಾದಕ ಮಿತ್ರರು ಕೇಳುವಾಗ, ವೈದ್ಯರಾದ ನಮ್ಮಿಂದ ಅವರು ನಿರೀಕ್ಷಿಸುವುದು ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ಕುರಿತ ನಾಲ್ಕು ಹಿತವಚನಗಳನ್ನು. ಈ ಬಾರಿ ಆ ಕರ್ತವ್ಯದಿಂದ ಬಿಡುಗಡೆ ಬೇಡಿಕೊಂಡು ಒಬ್ಬ ವ್ಯಾಪಾರಿಯ ಜೀವನವನ್ನು ಓದುಗರ ಮುಂದಿಡುತ್ತಿದ್ದೇವೆ. ಅವರು ಕನ್ನಡಿಗರಲ್ಲ, ದುಬೈಯವರೂ ಅಲ್ಲ. ಜಿದ್ದಾದಲ್ಲಿ ಹುಟ್ಟಿ, ಬೊಂಬಾಯಿಯಲ್ಲಿ ದುಡಿದು, ಬೊಂಬಾಯಿಯಲ್ಲಿಯೇ ಕಣ್ಮುಚ್ಚಿದವರು. ಆದರೂ ತೈಲ ಸಿಗುವುದಕ್ಕೆ ನಾಲ್ಕು ದಶಕ ಮೊದಲೇ ಈ ದುಬೈಯಲ್ಲಿ ತಮ್ಮ ಹಣದಿಂದ ಮಕ್ಕಳಿಗೆ ಶಾಲೆ ತೆರೆಸಿದರು. ಅರಬ್ಬರ ನಡುವೆ ಮುತ್ತಿನ ದೊರೆಯೆಂದು ಹೆಸರಾದ ಮುಹಮ್ಮದ್ ಅಲಿ ಝೈನಲ್ ಅಲಿರೆಝಾ ಅವರ ಪರಿಚಯ ನಮ್ಮವರಲ್ಲಿ ಹೆಚ್ಚು ಮಂದಿಗಿಲ್ಲ. ದುಡಿಮೆಗಾಗಿ ಸಮುದ್ರ ದಾಟಿ ಬಂದ ನಮಗೆ, ದುಡಿದದ್ದನ್ನು ಎಲ್ಲಿ ಬಿತ್ತಬೇಕು ಎಂಬ ಪ್ರಶ್ನೆ ಆಗಾಗ ಕಾಡುವುದರಿಂದ ಇವರ ಕಥೆಗೆ ಈ ಸಂಚಿಕೆಯಲ್ಲಿ ಸ್ಥಾನವಿದೆ ಎಂದುಕೊಂಡಿದ್ದೇವೆ.

ಝೈನಲರ ಮನೆತನವೇ ವಲಸೆಯ ಮನೆತನ. ಹಿರಿಯರು 19ನೇ ಶತಮಾನದ ಮಧ್ಯಭಾಗದಲ್ಲಿ ಪರ್ಷಿಯಾದ ತೀರದಿಂದ ಕೆಂಪು ಸಮುದ್ರದ ದಡದ ಜಿದ್ದಾಕ್ಕೆ ಬಂದು ನೆಲೆಸಿದರು. ಜಿದ್ದಾ ಎಂದರೆ ಹಜ್ ಯಾತ್ರಿಕರ ಹೆಬ್ಬಾಗಿಲು. ಹಡಗು, ಧಾನ್ಯ, ಬಟ್ಟೆಗಳ ಬಂದರು. ಅಲ್ಲಿ ವ್ಯಾಪಾರ ಬೆಳೆಯಿತು, ಮನೆತನಕ್ಕೆ ಗೌರವವೂ ಬೆಳೆಯಿತು. 1884ರ ಸುಮಾರಿಗೆ ಹುಟ್ಟಿದ ಮುಹಮ್ಮದ್ ಅಲಿಗೆ ಅಂಗಡಿಯ ಗಲ್ಲದ ಮೇಲೆ ಕುಳಿತುಕೊಳ್ಳುವುದಕ್ಕಿಂತ ವಿದ್ಯೆಯ ಮೇಲೆಯೇ ಮನಸ್ಸು. ಯೌವನದಲ್ಲಿ ಕೈರೋದ ಅಲ್ ಅಝರ್‌ನಲ್ಲಿ ಓದಬೇಕೆಂದು ಹಂಬಲಿಸಿದ್ದರು, ಮನೆಯವರು ಮಾತ್ರ ಅವರನ್ನು ವ್ಯಾಪಾರಕ್ಕೆ ಎಳೆದುತಂದರು ಎಂದು ಅವರ ಜೀವನ ಬರೆದವರು ಹೇಳುತ್ತಾರೆ. ಓದಿನ ಆಸೆ ಅರ್ಧಕ್ಕೆ ನಿಂತವರಲ್ಲಿ ಕೆಲವರು ಶಾಲೆ ಕಟ್ಟುವವರಾಗುತ್ತಾರೆ. ನಮ್ಮ ಕರಾವಳಿಯಲ್ಲಿಯೂ ಅಂಥವರನ್ನು ಕಂಡಿದ್ದೇವಲ್ಲ!

ಆಗ ಹಿಜಾಜ್ ಪ್ರಾಂತ ತುರ್ಕರ ಆಳ್ವಿಕೆಯಲ್ಲಿತ್ತು. ಸರ್ಕಾರಿ ಶಾಲೆ ಎಂಬುದು ಬೆರಳೆಣಿಕೆಯಷ್ಟು. ಅಲ್ಲಿಯೂ ಪಾಠ ತುರ್ಕಿ ಭಾಷೆಯಲ್ಲಿ. ಅರಬ್ಬೀ ಮಾತನಾಡುವ ಮಗು ತನ್ನ ತಾಯ್ನುಡಿಯಲ್ಲಿ ಲೆಕ್ಕವನ್ನಾಗಲಿ ವ್ಯಾಕರಣವನ್ನಾಗಲಿ ಕಲಿಯುವಂತಿರಲಿಲ್ಲ. ಉಳಿದದ್ದು ಕುತ್ತಾಬ್, ನಮ್ಮ ಹಳೆಯ ಕೂಲಿಮಠದ ಹಾಗೆ. ಒಬ್ಬ ಉಪಾಧ್ಯಾಯ, ಸುತ್ತ ಹತ್ತಿಪ್ಪತ್ತು ಹುಡುಗರು, ಬಾಯಿಪಾಠ, ಒಂದಿಷ್ಟು ಅಕ್ಷರಾಭ್ಯಾಸ. ಕೂಲಿಮಠದಲ್ಲಿ ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದಿದ ಅಜ್ಜಂದಿರು ನಮ್ಮ ಮನೆಗಳಲ್ಲಿಯೂ ಇದ್ದರು; ಅದನ್ನು ಹಗುರಾಗಿ ಕಾಣಬೇಕಿಲ್ಲ. ಆದರೆ ಅದರಿಂದಾಚೆಗೆ ದಾರಿಯೇ ಇಲ್ಲದ ಊರಿನಲ್ಲಿ ಜಾಣ ಹುಡುಗನೂ ಹತ್ತು ವರ್ಷಕ್ಕೇ ನಿಲ್ಲುತ್ತಾನೆ.

1905ರಲ್ಲಿ, ಇಪ್ಪತ್ತರ ಆಸುಪಾಸಿನ ಮುಹಮ್ಮದ್ ಅಲಿ ಜಿದ್ದಾದಲ್ಲಿ ಒಂದು ಶಾಲೆ ಆರಂಭಿಸಿದರು. ಅದಕ್ಕೆ ಇಟ್ಟ ಹೆಸರು ಅಲ್ ಫಲಾಹ್. ಯಶಸ್ಸು, ಶ್ರೇಯಸ್ಸು ಎಂದು ಅದರ ಅರ್ಥ. ದಿನಕ್ಕೆ ಐದು ಸಲ ಬಾಂಗಿನಲ್ಲಿ ನಮ್ಮೆಲ್ಲರ ಕಿವಿಗೂ ಬೀಳುವ ಶಬ್ದವೇ ಅದು. ಧರ್ಮಪಾಠದ ಜೊತೆಗೆ ಅರಬ್ಬೀ ವ್ಯಾಕರಣ, ಅಂಕಗಣಿತ, ವ್ಯಾಪಾರದ ಲೆಕ್ಕ ಬರೆಯುವ ಕ್ರಮ ಇವೆಲ್ಲವೂ ಅಲ್ಲಿದ್ದವು. ಕೈಯಲ್ಲಿದ್ದ ಹಣ ಬೇಗ ಮುಗಿದಾಗ ಪತ್ನಿ ತಮ್ಮ ಒಡವೆಗಳನ್ನು ಮಾರಲು ಕೊಟ್ಟರೆಂಬ ಸಂಗತಿಯನ್ನು ಜಿದ್ದಾದವರು ಇಂದಿಗೂ ನೆನೆಯುತ್ತಾರೆ. ಮುತ್ತಿನ ದೊರೆಯ ಹೆಸರಿನಲ್ಲಿ ನಿಂತ ಶಾಲೆಯ ತಳಪಾಯದಲ್ಲಿ ಒಬ್ಬ ಹೆಣ್ಣುಮಗಳ ಒಡವೆ ಇದೆ ಎಂಬುದನ್ನು ಮರೆಯಬಾರದೆಂದು ನಮ್ಮ ಅಭಿಪ್ರಾಯ. 1912ರಲ್ಲಿ ಮಕ್ಕಾದಲ್ಲಿ ಎರಡನೆಯ ಫಲಾಹ್ ತೆರೆಯಿತು. ಮುಂದೆ ಹಿಜಾಜಿನ ಹೊಸ ಸಾಹಿತ್ಯಕ್ಕೆ ನಾಂದಿ ಹಾಡಿದ ಮುಹಮ್ಮದ್ ಹಸನ್ ಅವ್ವಾದ್, ಹಮ್ಜಾ ಶಹಾತಾ ಇಬ್ಬರೂ ಜಿದ್ದಾದ ಫಲಾಹ್‌ನಲ್ಲಿ ಕಲಿತವರು.

ಶಾಲೆ ನಡೆಸಲು ಹಣ ಬೇಕು. ಹಣ ಇದ್ದದ್ದು ಬೊಂಬಾಯಿಯಲ್ಲಿ. ಕೊಲ್ಲಿಯ ಮುತ್ತೆಲ್ಲ ಆಗ ಹೋಗಿ ಸೇರುತ್ತಿದ್ದುದು ಅಲ್ಲಿಗೆ. ದೋಣಿಯಿಂದ ಕಿನಾರೆಗೆ ಬಂದ ಮುತ್ತನ್ನು ತವ್ವಾಶ್ ಎನ್ನುವ ಮುತ್ತಿನ ವ್ಯಾಪಾರಿ ಕೆಂಪು ಬಟ್ಟೆಯ ಮೇಲೆ ಹರಡಿ, ಸಣ್ಣ ದೊಡ್ಡ ರಂಧ್ರಗಳ ತಾಮ್ರದ ಜರಡಿಗಳಲ್ಲಿ ಗಾತ್ರ ವಿಂಗಡಿಸಿ, ತಕ್ಕಡಿಯಲ್ಲಿ ತೂಗಿ ಕೊಳ್ಳುವನು. ಅದು ಹಡಗೇರಿ ಬೊಂಬಾಯಿಯ ಮೋತಿ ಬಜಾರಿಗೆ ಬಂದು, ಅಲ್ಲಿ ನುರಿತ ಕೈಗಳಿಂದ ತೂತು ಕೊರೆಸಿಕೊಂಡು, ರೇಷ್ಮೆ ದಾರದಲ್ಲಿ ಗೊಂಚಲಾಗಿ ಪ್ಯಾರಿಸಿಗೂ ಲಂಡನ್ನಿಗೂ ಹೋಗುತ್ತಿತ್ತು. ಮುಹಮ್ಮದ್ ಅಲಿ ಈ ಹಾದಿಯ ನಟ್ಟನಡುವೆ, ಬೊಂಬಾಯಿಯಲ್ಲಿ, ಗದ್ದುಗೆ ಹಾಕಿದರು. ಪ್ಯಾರಿಸಿನ ಮಾರುಕಟ್ಟೆಯವರೆಗೂ ವ್ಯಾಪಾರವನ್ನು ಬೆಳೆಸಿದರು. ಲಾಭ ಬಂದ ಹಾಗೆಲ್ಲ ಅದರ ಒಂದು ಪಾಲು ಜಿದ್ದಾ ಮಕ್ಕಾಗಳ ಉಪಾಧ್ಯಾಯರ ಸಂಬಳವಾಗಿ ಹಿಂದಿರುಗುತ್ತಿತ್ತು.

ಅದೇ ಬೊಂಬಾಯಿ ನಮ್ಮವರ ಬೊಂಬಾಯಿಯೂ ಹೌದು. ಉಡುಪಿ, ಕುಂದಾಪುರ, ಮಂಗಳೂರುಗಳಿಂದ ಹಡಗೇರಿ ಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡ, ಇಂಗ್ಲಿಷು, ಲೆಕ್ಕ ಕಲಿತದ್ದು ಅಲ್ಲಿಯೇ. ಮೊಗವೀರ ವ್ಯವಸ್ಥಾಪಕ ಮಂಡಳಿ ಬೊಂಬಾಯಿಯಲ್ಲಿ ಹುಟ್ಟಿದ್ದು 1902ರಲ್ಲಿ, ಅಂದರೆ ಜಿದ್ದಾದ ಫಲಾಹ್‌ಗಿಂತ ಮೂರು ವರ್ಷ ಮೊದಲು. ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ, ಕಡಲು ದಾಟಿ ಬಂದವರೆಲ್ಲ ಮೊದಲು ಯೋಚಿಸಿದ್ದು ಶಾಲೆಯನ್ನೇ.

ಇನ್ನು ಆ ಮುತ್ತುಗಳು ಬರುತ್ತಿದ್ದುದಾದರೂ ಎಲ್ಲಿಂದ? ನಾವು ಶುಕ್ರವಾರ ಸಂಜೆ ಮಕ್ಕಳನ್ನು ಕರೆದೊಯ್ಯುತ್ತಿದ್ದ ಇದೇ ಕಿನಾರೆಯ ಎದುರಿನ ನೀರಿನಿಂದ. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಅಧಿಕಾರಿ ಲಾರಿಮರ್ ಸಿದ್ಧಪಡಿಸಿದ ಗೆಜೆಟಿಯರಿನ ಲೆಕ್ಕದಂತೆ, ಇಂದಿನ ಎಮಿರೇಟ್ಸ್ ಆಗಿರುವ ತೀರವೊಂದರಿಂದಲೇ 1200ಕ್ಕೂ ಮಿಕ್ಕಿ ದೋಣಿಗಳು, ಸುಮಾರು 22,000 ಜನ ಮುತ್ತಿಗೆಂದು ಹೊರಡುತ್ತಿದ್ದರು. ಬೇಸಿಗೆಯ ದೊಡ್ಡ ಮುಳುಗು ಎಂದರೆ ನಾಲ್ಕು ತಿಂಗಳು ನೀರಿನ ಮೇಲೆಯೇ ವಾಸ. ಮೂಗಿಗೆ ಆಮೆಚಿಪ್ಪಿನ ಚಿಮುಟ, ಕಾಲಿಗೆ ಕಲ್ಲಿನ ಭಾರ, ಕೊರಳಿಗೆ ಚಿಪ್ಪು ತುಂಬುವ ಬುಟ್ಟಿ. ಮೇಲೆ ಹಗ್ಗ ಹಿಡಿದ ಜೊತೆಗಾರ. ಒಂದು ಉಸಿರಿನಲ್ಲಿ ಇಳಿದು, ಸಿಕ್ಕಷ್ಟು ಬಾಚಿ, ಹಗ್ಗ ಜಗ್ಗಿದರೆ ಮೇಲಕ್ಕೆ. ಹೀಗೆ ಬೆಳಗಿನಿಂದ ಸಂಜೆಯವರೆಗೆ ಹತ್ತಾರು ಸಲ. ತುಂಬಿದ ಹೊಟ್ಟೆಯಲ್ಲಿ ಮುಳುಗಲಾಗದು. ಆದ್ದರಿಂದ ಹಗಲಿಗೆ ಕಾಫಿ ಮತ್ತು ನಾಲ್ಕು ಖರ್ಜೂರ, ರಾತ್ರಿಗೆ ಅನ್ನ ಮತ್ತು ಮೀನು.

ವೈದ್ಯರ ಕಣ್ಣಿನಿಂದ ನೋಡಿದರೆ ಈ ಊಟದ ಪಟ್ಟಿಯೇ ಒಂದು ರೋಗದ ಪಟ್ಟಿ. ತಿಂಗಳುಗಟ್ಟಲೆ ಹಣ್ಣು ಸೊಪ್ಪು ಇಲ್ಲದೆ ಒಸಡು ಬಾತು ರಕ್ತ ಸುರಿಯುವ ಸ್ಕರ್ವಿ. ನೀರಿನ ಒತ್ತಡಕ್ಕೆ ಹರಿದ ಕಿವಿತಮಟೆ, ಅದರಿಂದ ಕ್ರಮೇಣ ಕಿವುಡು. ಉಪ್ಪುನೀರು ಬಿಸಿಲುಗಳಿಂದ ಕೆಂಪಾಗಿ ಮಬ್ಬಾದ ಕಣ್ಣು. ವಾಸಿಯಾಗದ ಚರ್ಮದ ಹುಣ್ಣು. ಉಸಿರು ಕಟ್ಟಿ ಪ್ರಜ್ಞೆ ತಪ್ಪಿ ಮೇಲೆ ಬಾರದೆ ಹೋದವರು ಬೇರೆ. ದುಬೈಯಲ್ಲಿ ಅಲ್ ಮಕ್ತೂಮ್ ಆಸ್ಪತ್ರೆ ಆರಂಭವಾದದ್ದೇ 1950ರ ದಶಕದ ಹೊಸ್ತಿಲಲ್ಲಿ. ಅದಕ್ಕೂ ಮುಂಚಿನ ತಲೆಮಾರುಗಳಿಗೆ ಬರೆ ಹಾಕುವುದು, ಬೇರು ನಾರು, ಪ್ರಾರ್ಥನೆ ಇವೇ ಚಿಕಿತ್ಸೆ.

ರೋಗಕ್ಕಿಂತ ದೊಡ್ಡ ಕಾಟ ಸಾಲದ್ದು. ಹೊರಡುವ ಮುನ್ನ ಮನೆ ಖರ್ಚಿಗೆಂದು ದೋಣಿಯ ಯಜಮಾನನಾದ ನಖೋದನಿಂದ ಮುಂಗಡ; ನಖೋದನಿಗೆ ವ್ಯಾಪಾರಿಯಿಂದ ಸಾಲ. ಋತು ಮುಗಿದ ಮೇಲೆ ಲೆಕ್ಕ. ಆ ಲೆಕ್ಕ ಬರೆದಿರುವುದು ಯಜಮಾನನ ಪುಸ್ತಕದಲ್ಲಿ. ಓದಲು ಬಾರದ ಮುಳುಗುಗಾರ ಅವನು ಹೇಳಿದ್ದನ್ನೇ ನಂಬಬೇಕು. ತೀರದ ಸಾಲ ಮುಂದಿನ ವರ್ಷಕ್ಕೆ, ತಂದೆ ಸತ್ತರೆ ಎಷ್ಟೋ ಕಡೆ ಮಗನ ತಲೆಗೆ. 1920ರ ದಶಕದಲ್ಲಿ ಬಹರೈನಿನಲ್ಲಿ ಸುಧಾರಣೆಗಳಾಗಿ ಪ್ರತಿಯೊಬ್ಬ ಮುಳುಗುಗಾರನಿಗೂ ಅವನದೇ ಲೆಕ್ಕದ ಪುಸ್ತಕ ಕೊಡಬೇಕೆಂದಾಯಿತು. ಒಳ್ಳೆಯದೇ, ಆದರೆ ಪುಸ್ತಕ ಕೈಗೆ ಬಂದರೂ ಅದನ್ನು ಓದುವವರು ಬೇಕಲ್ಲ! ಶಾಲೆ ಎಂಬುದು ಈ ತೀರದಲ್ಲಿ ಅಲಂಕಾರದ ವಸ್ತುವಾಗಿರಲಿಲ್ಲ ಎಂಬುದಕ್ಕೆ ಇಷ್ಟು ವಿವರಿಸಿದೆವು.

ಈ ಅಗತ್ಯವನ್ನು ಮೊದಲು ಕಂಡವರು ಇಲ್ಲಿನ ಮುತ್ತಿನ ವ್ಯಾಪಾರಿಗಳೇ. ದೇರಾದ ಅಲ್ ರಾಸ್‌ನಲ್ಲಿರುವ ಅಲ್ ಅಹ್ಮದಿಯಾ ಶಾಲೆಯನ್ನು ನಮ್ಮಲ್ಲಿ ಬಹಳ ಮಂದಿ ನೋಡಿರಬಹುದು. ಶೇಖ್ ಅಹ್ಮದ್ ಬಿನ್ ದಲ್ಮೂಕ್ ಸಂಕಲ್ಪಿಸಿ, ಅವರ ನಿಧನಾನಂತರ ಮಗ ಪೂರೈಸಿ, 1912ರಲ್ಲಿ ಆರಂಭವಾದದ್ದು. ಶಾರ್ಜಾದಲ್ಲಿ ಅಲಿ ಅಲ್ ಮಹಮೂದ್, ಅಬುಧಾಬಿಯಲ್ಲಿ ಖಲಫ್ ಅಲ್ ಉತೈಬಾ ಇವರೂ ಮುತ್ತಿನ ಹಣದಿಂದಲೇ ಶಾಲೆ ನಡೆಸಿದರು. ಇವರೆಲ್ಲ ತಮ್ಮ ಊರಿಗೆ ತಾವು ಮಾಡಿದವರು. ಹೊರಗಿನವರಾದ ಮುಹಮ್ಮದ್ ಅಲಿ ಝೈನಲ್ 1920ರ ದಶಕದ ಕೊನೆಯಲ್ಲಿ ಈ ಸಾಲಿಗೆ ಸೇರಿದರು. ಜಿದ್ದಾ ಮಕ್ಕಾಗಳ ಮಾದರಿಯಲ್ಲಿ ದುಬೈಯಲ್ಲಿ ಅಲ್ ಫಲಾಹ್ ತೆರೆಯಿತು. 1931ರಲ್ಲಿ ಬೊಂಬಾಯಿಯಲ್ಲಿಯೂ ಫಲಾಹ್ ಆಯಿತು. ಹಿಜಾಜಿನ ಶಾಲೆಗಳಲ್ಲಿ ಕಲಿತ ಯುವಕರು ಹೆಚ್ಚಿನ ಅಧ್ಯಯನಕ್ಕೆ ಅಲ್ಲಿಗೆ ಬಂದರು. ಬಹರೈನಿಗೂ ಅವರ ಶಾಲೆಯ ಕೊಂಬೆ ಚಾಚಿತು.

ಇಲ್ಲಿ ಸ್ವಲ್ಪ ನಿಲ್ಲುತ್ತೇವೆ. ಅನಿವಾಸಿಯ ದಾನ ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಹರಿಯುತ್ತದೆ, ಹುಟ್ಟೂರಿನ ದಿಕ್ಕಿಗೆ. ಊರ ಶಾಲೆಗೆ ಒಂದು ಕೊಠಡಿ, ದೇವಸ್ಥಾನಕ್ಕೆ ಒಂದು ಗೋಪುರ, ಮಸೀದಿಗೆ ಒಂದು ಮಹಡಿ, ಇಗರ್ಜಿಗೆ ಒಂದು ಗಂಟೆ. ಅದು ತಪ್ಪಲ್ಲ, ನಾವೂ ಮಾಡುತ್ತೇವೆ. ಝೈನಲ್ ತವರಿಗೆ ಕೊಟ್ಟರು, ವ್ಯಾಪಾರ ನಡೆಸಿದ ಬೊಂಬಾಯಿಗೆ ಕೊಟ್ಟರು, ಅವರಿಗೆ ಸರಕು ಒದಗಿಸಿದ ಈ ತೀರಕ್ಕೂ ಕೊಟ್ಟರು. ಯಾವ ನೀರಿನಲ್ಲಿ ಇನ್ನೊಬ್ಬರು ಉಸಿರು ಬಿಗಿಹಿಡಿದು ಮುಳುಗಿದ್ದರಿಂದ ತಮ್ಮ ಸಂಪತ್ತು ಮೇಲೆ ಬಂದಿತೋ ಆ ನೀರಿನ ದಡಕ್ಕೆ ಶಾಲೆಯ ರೂಪದಲ್ಲಿ ಒಂದು ಪಾಲು ಹಿಂದಿರುಗಿಸಿದರು. ಆ ಸಂಪತ್ತಿನಲ್ಲಿ ಮುಳುಗುಗಾರರ ಸಾಲದ ಕಣ್ಣೀರೂ ಬೆರೆತಿತ್ತು ಎನ್ನುವವರಿದ್ದಾರೆ. ಅದು ಇಡೀ ಮುತ್ತಿನ ವ್ಯಾಪಾರಕ್ಕೇ ಸಲ್ಲುವ ಮಾತು, ಅಲ್ಲಗಳೆಯುವಂತಿಲ್ಲ. ಹಾಗೆಯೇ ಅವರ ಶಾಲೆಗಳು ಗಂಡುಮಕ್ಕಳಿಗಾಗಿ ಇದ್ದವು. ಈ ತೀರದ ಹೆಣ್ಣುಮಕ್ಕಳು ತಮ್ಮ ಶಾಲೆಗಾಗಿ 1950ರ ದಶಕದವರೆಗೂ ಕಾಯಬೇಕಾಯಿತು. ಪತ್ನಿಯ ಒಡವೆಯಿಂದ ನಿಂತ ಸಂಸ್ಥೆಯಲ್ಲಿ ಇದು ನಮಗೆ ಚುಚ್ಚುವ ಸಂಗತಿ.

ಅಷ್ಟರಲ್ಲಿ ಮುತ್ತಿಗೇ ಗ್ರಹಣ ಹಿಡಿಯಿತು. ಜಪಾನಿನ ಮಿಕಿಮೊಟೊ ಚಿಪ್ಪಿನೊಳಗೆ ಮುತ್ತನ್ನು ಬೆಳೆಸುವ ವಿದ್ಯೆಯನ್ನು ಕೈವಶ ಮಾಡಿಕೊಂಡು, ಆ ಬೆಳೆಸಿದ ಮುತ್ತು 1920ರ ದಶಕದಲ್ಲಿ ಮಾರುಕಟ್ಟೆಗೆ ಬಂದಿತು. 1929ರಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದು, ಮುತ್ತಿನ ಸರ ಕೊಳ್ಳುತ್ತಿದ್ದ ಸಿರಿವಂತರೇ ಮಾಯವಾದರು. ಬೊಂಬಾಯಿಯ ಗೊಂಚಲುಗಳನ್ನು ಕೇಳುವವರಿಲ್ಲ. ಇಲ್ಲಿ ದೋಣಿಗಳು ದಡದ ಮೇಲೆ ಬಿರುಕು ಬಿಟ್ಟವು. ಅಲ್ ಅಹ್ಮದಿಯಾ 1932ರಲ್ಲಿ ಬಾಗಿಲು ಹಾಕಿತು. ಮತ್ತೆ ತೆರೆದದ್ದು 1937ರಲ್ಲಿ. ವ್ಯಾಪಾರಿಯ ಜೇಬನ್ನು ನಂಬಿದ ಶಾಲೆಗಳೆಲ್ಲ ಒಂದೇ ಬಿರುಗಾಳಿಗೆ ಸಿಕ್ಕಿದವು. ಝೈನಲರ ವ್ಯಾಪಾರವೂ ನೆಲಕಚ್ಚಿತು.

ಸಿಂಗಪುರದಲ್ಲಿ ಅದೇ ವರ್ಷಗಳಲ್ಲಿ ಇನ್ನೊಬ್ಬ ವಲಸಿಗ ವ್ಯಾಪಾರಿ ಇದೇ ಸಂಕಟ ಅನುಭವಿಸುತ್ತಿದ್ದರು. ಚೀನಾದ ಫೂಜಿಯನ್ ಪ್ರಾಂತದ ಜಿಮೇ ಎಂಬ ಹಳ್ಳಿಯಲ್ಲಿ 1874ರಲ್ಲಿ ಹುಟ್ಟಿ, 1890ರಲ್ಲಿ ತಂದೆಯ ಅಕ್ಕಿ ಅಂಗಡಿಗೆ ಬಂದ ತಾನ್ ಕಾ ಕೀ. ಅನಾನಸು, ರಬ್ಬರುಗಳಿಂದ ಕೋಟ್ಯಧಿಪತಿಯಾದವರು. ಹುಟ್ಟೂರಿನಲ್ಲಿ 1913ರಲ್ಲಿ ಶಾಲೆ, 1921ರಲ್ಲಿ ಷಿಯಾಮೆನ್ ವಿಶ್ವವಿದ್ಯಾಲಯ, ಸಿಂಗಪುರದಲ್ಲಿ 1919ರಲ್ಲಿ ಚೀನೀ ಪ್ರೌಢಶಾಲೆ. ರಬ್ಬರಿನ ಬೆಲೆ ಬಿದ್ದಾಗ ಖರ್ಚು ಕಡಿಮೆ ಮಾಡಲು ವಿಶ್ವವಿದ್ಯಾಲಯವನ್ನು ಕೈಬಿಡುವ ದಾರಿ ಅವರ ಮುಂದಿತ್ತು, ಅವರು ಬಿಡಲಿಲ್ಲ. 1934ರಲ್ಲಿ ಕಂಪನಿಯೇ ಮುಚ್ಚಿಹೋಯಿತು. 1937ರಲ್ಲಿ ವಿಶ್ವವಿದ್ಯಾಲಯವನ್ನು ಚೀನಾ ಸರ್ಕಾರಕ್ಕೆ ಒಪ್ಪಿಸಿ ಕೈಮುಗಿದರು. ಇಬ್ಬರಿಗೂ ಪರಸ್ಪರ ಪರಿಚಯವಿತ್ತೆಂದು ನಾವು ಎಲ್ಲಿಯೂ ಓದಿಲ್ಲ. ಆದರೆ ಒಂದೇ ಜಾತಕ ಬರೆದಂತಿದೆ.

ನಮ್ಮ ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರೂ ಅದೇ ಕಾಲದವರು. 1906ರ ಮಾರ್ಚ್ 12ರಂದು 5000 ರೂಪಾಯಿ ಬಂಡವಾಳದಿಂದ ಬ್ಯಾಂಕು ಆರಂಭಿಸಿದಾಗ ಮೊದಲ ದಿನ ಬಂದ ಹಣ 38 ರೂಪಾಯಿ 13 ಆಣೆ 2 ಪೈ. ಅದೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಗಿ, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಉಡುಪಿಯ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಗೆ ಊರ ನಡುವಿನ ಜಾಗ ಕೊಟ್ಟವರೂ ಅವರೇ. ಬ್ಯಾಂಕಿನ ಹೆಸರು ಈಗ ಇಲ್ಲ; ಆ ನೆಲದಲ್ಲಿ ಹೆರಿಗೆಗಳು ನಡೆಯುತ್ತಲೇ ಇವೆ.

ಝೈನಲರ ಶಾಲೆಗಳ ಗತಿಯೇನಾಯಿತು? ಜಿದ್ದಾ ಮಕ್ಕಾಗಳಲ್ಲಿ ಊರು ಅವನ್ನು ಸಾಯಲು ಬಿಡಲಿಲ್ಲ. ಬಂದರಿಗೆ ಬರುವ ಸರಕಿನ ಮೇಲೆ ಒಂದು ಕಿರ್ಷ್, ಅಂದರೆ ನಮ್ಮ ಬಿಲ್ಲೆಕಾಸಿನಂಥ ಚಿಕ್ಕ ನಾಣ್ಯ, ಫಲಾಹ್‌ಗೆಂದು ತೆಗೆದಿಡುವ ಏರ್ಪಾಡಾಯಿತು. ದೊರೆ ಅಬ್ದುಲ್ ಅಝೀಝರ ಒಪ್ಪಿಗೆಯೂ ಸಿಕ್ಕಿತು. ಇದನ್ನು ಜನ ಫಲಾಹ್‌ನ ಕಿರ್ಷ್ ಎಂದು ಕರೆದರು. ಒಬ್ಬರ ಹೆಗಲ ಮೇಲಿದ್ದ ನೊಗ ಹೀಗೆ ಊರಿನ ಹೆಗಲಿಗೆ ದಾಟಿತು. ದುಬೈಯಲ್ಲಿ ಅಂಥ ಬಲ ಆಗ ಇರಲಿಲ್ಲ. ಬಂದರು ಚಿಕ್ಕದು, ಮುತ್ತು ಬಿಟ್ಟರೆ ಬೇರೆ ಆದಾಯವಿಲ್ಲ. ಒಂದೇ ವ್ಯಕ್ತಿ, ಒಂದೇ ಉದ್ದೇಶ, ಒಂದೇ ಹೆಸರಿನ ಶಾಲೆ. ಬದುಕಿ ಉಳಿಯುವಲ್ಲಿ ವ್ಯತ್ಯಾಸವಾದದ್ದು ಇಷ್ಟರಿಂದ. ನಮ್ಮ ಸಂಘದ ವಿದ್ಯಾರ್ಥಿವೇತನ ನಿಧಿಗೆ ಇಬ್ಬರು ದೊಡ್ಡ ದಾನಿಗಳ ಚೆಕ್ಕಿಗಿಂತ ಇನ್ನೂರು ಮನೆಗಳಿಂದ ತಿಂಗಳಿಗೆ ಹತ್ತು ದಿರ್ಹಾಮು ಬರುವುದು ಏಕೆ ಮೇಲು ಎಂದು ಸಭೆಗಳಲ್ಲಿ ನಾವು ವಾದಿಸುತ್ತೇವಲ್ಲ, ಆ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ವೈಭವ ಇಳಿದ ಮೇಲೂ ಮುಹಮ್ಮದ್ ಅಲಿ ಬೊಂಬಾಯಿಯನ್ನು ಬಿಡಲಿಲ್ಲ. 1947ರಲ್ಲಿ ಭಾರತ ಸ್ವತಂತ್ರವಾದದ್ದನ್ನು ಕಂಡರು. ಕೊಲ್ಲಿಯಲ್ಲಿ ಚಲಾವಣೆಯಲ್ಲಿದ್ದ ನಮ್ಮ ರೂಪಾಯಿ 1966ರಲ್ಲಿ ಇಲ್ಲಿಂದ ಮರೆಯಾದದ್ದನ್ನೂ ಕಂಡರು. 1969ರಲ್ಲಿ, 85ರ ಆಸುಪಾಸಿನ ವಯಸ್ಸಿನಲ್ಲಿ, ಬೊಂಬಾಯಿಯಲ್ಲಿಯೇ ತೀರಿಕೊಂಡರು. ಅದೇ ವರ್ಷ ದುಬೈಯ ಮೊದಲ ತೈಲ ಹಡಗೇರಿತು. ಅಲ್ ರಾಸ್‌ನ ಅಹ್ಮದಿಯಾ ಕಟ್ಟಡವನ್ನು 1995ರಲ್ಲಿ ಜೀರ್ಣೋದ್ಧಾರ ಮಾಡಿ ಮುಂದೆ ಶಿಕ್ಷಣದ ವಸ್ತುಸಂಗ್ರಹಾಲಯವನ್ನಾಗಿ ಮಾಡಲಾಯಿತು. ಜಿದ್ದಾದ ಫಲಾಹ್ ಶಾಲೆಯ ವಯಸ್ಸು ಈಗ 120 ದಾಟಿದೆ.